ಒದ್ದೆ ನೆಲಕ್ಕೆ ಬಿದ್ದ ಮೊದಲ ಕಾಳು

ನಾನು ಈ ಊರಿಗೆ ಬಂದದ್ದು ಹಾರ್ಮೋನಿಯಂ ರಿಪೇರಿಗೆ. ಭಜನೆ ಮನೆಯ ಪೆಟ್ಟಿಗೆಯ ತಿದಿಯನ್ನು ಇಲಿ ಕಡಿದು ಹಾಕಿತ್ತು. ನಿಜ ಹೇಳಬೇಕೆಂದರೆ ಒಂದು ದಿನದ ಕೆಲಸ. ಆದರೆ ಭಜನೆ ಮನೆಯ ಎದುರಿನ ಅಂಗಳದಲ್ಲಿ ದಾಕ್ಷಾಯಣಿ ಕುದುರೆಯ ಮೈ ತಿಕ್ಕುತ್ತಿದ್ದಳು, ಹಾಗಾಗಿ ನಾನು ತಿದಿಯನ್ನು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಹೊಲಿಯುತ್ತ ಬಿಚ್ಚುತ್ತ ಕಾರ್ತೀಕ ಕಳೆದು ಮಾಘ ಬಂತು, ಮಾಘದಲ್ಲಿ ನಮ್ಮ ಮದುವೆಯಾಯಿತು. ನನಗೆ ಹೇಳಿಕೊಳ್ಳುವಂಥ ಮನೆಮಾರು ಇರಲಿಲ್ಲವಾದ್ದರಿಂದ ಅವರ ಮನೆಯಲ್ಲೇ ಉಳಿದೆ. ಮನೆಅಳಿಯನೆಂದರೆ ಯಾವ ಊರಲ್ಲೂ ಸಸಾರವೇ. ಆದರೆ ಇಲ್ಲಿ ನನ್ನ ಪಾಲಿಗೆ ದೊಡ್ಡ ಪದವಿಯೊಂದು ಕಾದು ಕೂತಿದೆ ಎಂಬುದು ತಾಳಿ ಕಟ್ಟುವಾಗ ನನಗೆ ಗೊತ್ತಿರಲಿಲ್ಲ.

ಈ ಊರಿನ ನೆಲ ಬೇಸಿಗೆಯ ಮಳೆಗೆ ಒಂದೇ ಹುಲ್ಲು ಬೆಳೆಯುತ್ತದೆ. ಹಿಂಗಾರಿಗೆ ಎಲ್ಲ ಊರಿನ ನೆಲದಂತೆ ಹಾಕಿದ್ದನ್ನೇ ಕೊಡುವ ಭೂಮಿ. ಬೇಸಿಗೆಗೆ ಮಾತ್ರ ಹಾಗಲ್ಲ. ಮೊದಲ ಅಡ್ಡಮಳೆ ಬಿದ್ದ ಮೇಲೆ ಮನುಷ್ಯರ ಕೈ ಮುಟ್ಟಿದ ಯಾವ ಕಾಳು ಒದ್ದೆ ನೆಲಕ್ಕೆ ಮೊದಲು ತಾಗುತ್ತದೋ, ಆ ಬೇಸಿಗೆಗೆ ಊರ ತುಂಬ ಅದೇ. ಜೋಳ ತಾಗಿತೋ, ಆಮೇಲೆ ನೀವು ಸಜ್ಜೆ ಬಿತ್ತಿ, ನವಣೆ ಬಿತ್ತಿ, ಮುತ್ತನ್ನೇ ಬಿತ್ತಿ, ಏಳುವುದು ಜೋಳವೇ. ಹೊಲದಲ್ಲಿ, ಹಳ್ಳದ ದಂಡೆಯಲ್ಲಿ, ಮಾಳಿಗೆಯ ಮೇಲೆ, ಅಂಚೆ ಡಬ್ಬಿಯ ಬುಡದಲ್ಲಿ ಕೂಡ. ಇದೇಕೆ ಹೀಗೆ ಎಂದು ದಾಕ್ಷಾಯಣಿಯನ್ನು ಕೇಳಿದರೆ, "ನಿಮ್ಮ ಕಡೆ ಹಂಗಿಲ್ಲೇನ್ರಿ?" ಎಂದು ಅವಳೇ ಕಣ್ಣರಳಿಸಿದಳು. ನಮ್ಮ ಕಡೆ ಒಬ್ಬೊಬ್ಬರ ಹೊಲದಲ್ಲಿ ಒಂದೊಂದು ಬೆಳೆಯುತ್ತದೆ ಎಂದೆ. "ಅಯ್ಯ ಶಿವನ, ದನಗೊಳಿಗೆ ಎಷ್ಟು ಗೊಂದಲ ಆಗಬ್ಯಾಡ!" ಎಂದಳು.

ಚೈತ್ರದಲ್ಲಿ ಮೋಡ ಕಟ್ಟತೊಡಗಿದ್ದೇ ಇಡೀ ಊರು ಕೈ ಬಿಗಿ ಹಿಡಿದು ಬದುಕುತ್ತದೆ. ಕಾಳಿನ ಚೀಲಗಳು ಅಟ್ಟ ಏರುತ್ತವೆ. ಹೆಂಗಸರು ಕಾಳನ್ನು ಒಳಕೋಣೆಯಲ್ಲಿ ಕೇರುತ್ತಾರೆ, ಸೆರಗು ಕೊಡವಬೇಕಾದರೂ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮದುವೆ ಬಿದ್ದರೆ ಅಕ್ಷತೆ ಎಸೆಯುವಂತಿಲ್ಲ; ಒಬ್ಬೊಬ್ಬರಾಗಿ ಹೋಗಿ ಮದುಮಕ್ಕಳ ನೆತ್ತಿಯ ಮೇಲೆ ಇಟ್ಟು ಬರಬೇಕು, ಆಮೇಲೆ ಸೋದರತ್ತೆ ಅವರನ್ನು ಒಳಗೆ ಕೂರಿಸಿ ಬಾಚಣಿಕೆಯಿಂದ ಬಾಚಿ ತೆಗೆಯುತ್ತಾಳೆ. ದನಕರುಗಳಿಗೆ ಹುರಿದ ಕಾಳು ಮಾತ್ರ, ಯಾಕೆಂದರೆ ಹುರಿದದ್ದು ಬಿದ್ದರೂ ಮೊಳೆಯುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಊರು ಹೊಗುವ ಅಪರಿಚಿತರ ಜೇಬು ಕೊಡವಿಸಿ ನೋಡುತ್ತಾರೆ. ಸಂತೆಗೆ ಹೋಗಿ ಬಂದ ನನ್ನ ಜೇಬನ್ನೂ ಬಿಡಲಿಲ್ಲ; ಅದರಲ್ಲಿ ಹಾರ್ಮೋನಿಯಂ ಸ್ವರದ ಹಿತ್ತಾಳೆ ತುಣುಕುಗಳಿದ್ದವು, ಅವನ್ನೂ ಹಲ್ಲಿನಲ್ಲಿ ಕಚ್ಚಿ ನೋಡಿದ ಪುಣ್ಯಾತ್ಮರಿದ್ದಾರೆ.

ಇನ್ನು ಆ ಮೊದಲ ಹಿಡಿಯನ್ನು ಬಿತ್ತುವವರು ಯಾರು? ಊರಿಗೆ ಎಲ್ಲರಿಗಿಂತ ಕೊನೆಗೆ ಬಂದು ನೆಲೆಸಿದವರು. ಅವರಿಗೆ ಹಿಂದಿಲ್ಲ ಮುಂದಿಲ್ಲ, ಯಾರ ಪಕ್ಷವೂ ಇಲ್ಲ ಎಂಬುದು ಹಿರಿಯರ ಎಣಿಕೆ. ಹೋದ ಸಲ ದವಾಖಾನೆಗೆ ಹೊಸದಾಗಿ ಬಂದ ನರ್ಸಮ್ಮ ನವಣೆ ಹಾಕಿದ್ದರು. ಅವರಿಗೆ ಇವತ್ತಿಗೂ ನವಣಿ ನರ್ಸಮ್ಮನೆಂದೇ ಹೆಸರು. ಅದಕ್ಕೂ ಹಿಂದೆ ಒಬ್ಬ ಮಾಸ್ತರರು ಜೋಳ ಹಾಕಿ, ಆ ವರ್ಷ ಆದದ್ದನ್ನು ನೋಡಲಾರದೆ ವರ್ಗ ಮಾಡಿಸಿಕೊಂಡು ಹೋದರಂತೆ. ಈ ಸಲದ ಹೊಸಬ ನಾನು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹುಲ್ಲಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದು ಹಸಿರಾಗಿರುತ್ತದೆ ಎಂಬುದಷ್ಟೇ.

ಗೊತ್ತಿಲ್ಲದಿದ್ದರೇನಂತೆ, ತಿಳಿಸಿಕೊಡುವವರಿಗೆ ಬರವಿರಲಿಲ್ಲ. ಮೊದಲು ಬಂದವಳು ದುಂಡವ್ವ. ಊರಿನ ಬಣವೆಗಳನ್ನೆಲ್ಲ ಒಟ್ಟುವವಳು ಅವಳೇ, ಅವಳು ಒಟ್ಟಿದ ಬಣವೆಯೊಳಗೆ ಮಳೆಹನಿ ಇಳಿದದ್ದಿಲ್ಲ. ಕಡಬು ತುಂಬಿದ ಬುಟ್ಟಿಯನ್ನು ಎದುರಿಗಿಟ್ಟು, "ನವಣಿ ಹಾಕ್ರಿ ತಮ್ಮಾ. ಸಣ್ಣ ದಂಟು, ಎರಡ ಬಿಸಲಿಗೆ ಗರಿಗರಿ ಒಣಗತೈತಿ. ದಪ್ಪ ದಂಟಿಂದು ಒಣಗಂಗಿಲ್ಲ, ಬಣವಿ ಒಳಗ ಬೂಸ್ಟ ಹಿಡದು ಕರ್ರಗ ಆಕೈತಿ," ಎಂದಳು. ಅವಳ ಬೆನ್ನಿಗೇ ಎಮ್ಮೆಗಳ ಫಕೀರಪ್ಪ ಹಾಲಿನ ಚೊಂಬು ಹಿಡಿದು ಬಂದ. "ನವಣಿ ಎಮ್ಮಿಗೆ ಯಾತಕ್ಕ ಸಾಲತೈತ್ರಿ? ಬಾಯಿ ಹಾಕಿದ್ರ ಬೇರ ಸಮೇತ ಕಿತ್ತ ಬರತೈತಿ, ಒಮ್ಮಿ ಕೊಯ್ದ್ರ ತೀರ್ತು. ಜೋಳ ಹಾಕ್ರಿ, ಆಳೆತ್ತರ ಬೆಳೀತೈತಿ. ಎಳೇದ ಇದ್ದಾಗ ನಂಜು ಇರತೈತಿ, ಖರೆ. ನಾವು ಎಮ್ಮಿ ಕಟ್ಟಿ ಹಾಕ್ಕೊಂಡ ಇರ್ತೀವಿ, ಅದೇನ ದೊಡ್ಡ ಮಾತು?" ನಾನು ಇಬ್ಬರಿಗೂ ಹೂಂ ಅಂದೆ. ಕಡಬೂ ಚೆನ್ನಾಗಿದ್ದವು, ಹಾಲೂ ಗಟ್ಟಿಯಾಗಿತ್ತು.

ಮೂರನೆಯವನು ಹುಸೇನಸಾಬ. ಅವನು ಬಂದದ್ದು ಬಯಲಿನವರ ಪರವಾಗಿ. ಬಯಲಿನವರೆಂದರೆ ಚಿಗರಿ, ಮೊಲ, ಮತ್ತೆ ಬುರ್ಲಿ, ಗೌಜಲು, ಬೆಳವದಂಥ ಹಕ್ಕಿಗಳು. ಅವಕ್ಕೂ ಆ ಹುಲ್ಲಿನಲ್ಲೇ ಮರಿ ಮಾಡಬೇಕು, ಅದರ ಕಾಳನ್ನೇ ತಿನ್ನಬೇಕು. ಅವು ಬಂದು ಬೇಡಿಕೊಳ್ಳಲಾರವಾದ್ದರಿಂದ ಒಬ್ಬರು ಅವುಗಳ ಪರವಾಗಿ ಬಂದು, ಹುಲ್ಲು ಆರಿಸುವವರ ಮನೆಯಲ್ಲಿ ಮಾತಿಲ್ಲದೆ ಒಂದು ಊಟ ಮಾಡಿ ಹೋಗಬೇಕು. ಅವತ್ತಿನಿಂದ ಹುಲ್ಲಿಗೆ ಮೊದಲ ಕುಡುಗೋಲು ಅಥವಾ ಸಾಕಿದ ಪ್ರಾಣಿಯ ಮೊದಲ ಬಾಯಿ ಬೀಳುವವರೆಗೆ ಅವರು ಹುಲ್ಲಿನ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಮೂಕರ ಪರವಾಗಿ ಬಂದವರು ಮೂಕರಾಗಿಯೇ ಇರಬೇಕೆಂಬ ನ್ಯಾಯ. ಹುಸೇನಸಾಬನೋ ಕೆರೆ ಕಾಯುವ ಕೆಲಸದವನು, ಮಾತಿಗೆ ನಿಂತರೆ ಕೆರೆ ತುಂಬಿ ಕೋಡಿ ಬಿದ್ದರೂ ಮಾತು ಮುಗಿಯದ ಮನುಷ್ಯ. ಅಂಥವನು ನಮ್ಮ ಮನೆಯ ಮಣೆಯ ಮೇಲೆ ಕೂತು, ರೊಟ್ಟಿ ಮುರಿದು, ನನ್ನನ್ನೇ ನೋಡುತ್ತ ನುಂಗಿದ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು. ಅದನ್ನೂ ಹೇಳದೆ ಕೈ ತೊಳೆದು ಹೋದ.

ನಮ್ಮ ಮನೆಯಲ್ಲಿ ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳಬೇಕಾದವರು ನಮ್ಮ ಅತ್ತೆ ನಿಂಬೆವ್ವ. ಮಾವ ತೀರಿಕೊಂಡ ಮೇಲೆ ಟಾಂಗಾದ ಲಗಾಮನ್ನು ತಾವೇ ಹಿಡಿದು, ಸ್ಟೇಷನ್ನಿನಿಂದ ಊರಿಗೆ ಜನರನ್ನು ಸಾಗಿಸಿ ಮಗಳನ್ನು ಬೆಳೆಸಿದ ಹೆಂಗಸು. ನನ್ನನ್ನು "ಪೆಟ್ಟಿಗಿಯವ್ರ" ಎಂದು ಕರೆಯುತ್ತಿದ್ದರು, ಮರ್ಯಾದೆಗೆ ಕಡಿಮೆ ಇಲ್ಲ, ಸಲಿಗೆಯೂ ಇಲ್ಲ. ಅವರ ಪ್ರೀತಿಯೆಲ್ಲ ಬಿಜಲಿಯ ಮೇಲೆ. ಬಿಜಲಿ ಅವರ ಕಂದು ಕುದುರೆ, ಆಗ ಗಬ್ಬವಾಗಿತ್ತು. ಬಾವಿಕಟ್ಟೆಯಲ್ಲಿ ನೀರು ಸೇದುತ್ತ ದಾಕ್ಷಾಯಣಿಯೇ ನನಗೆ ಎಲ್ಲವನ್ನೂ ಹೇಳಿದಳು. ಮಾಸ್ತರರ ಜೋಳದ ವರ್ಷ ಬಿಜಲಿಯ ತಾಯಿ ಇದೇ ಅಂಗಳದಲ್ಲಿ ಸತ್ತಿತಂತೆ. ಮೊದಲು ಉಚ್ಚೆ ಕಟ್ಟಿತು. ಆಮೇಲೆ ಹಿಂಗಾಲು ಎಳೆಯತೊಡಗಿತು. "ಅವ್ವ ಅದರ ಮುಂದ ಕುಂತು, ಹೊಯ್ಯ ನನ್ನವ್ವಾ, ಒಂದ ಹನಿ ಹೊಯ್ಯ ಅಂತ ಅಂಗಲಾಚತಿದ್ಲು. ಈ ಸಲ ಜೋಳ ಎದ್ರ ಬಿಜಲೀನ್ನ ಸೋದರಮಾವನ ಊರಿಗೆ ಹೊಡಕೊಂಡ ಹೋಗಾಕಿ. ಘಟ್ಟದ ಆಚಿ ಊರು. ತುಂಬಿದ ಹೊಟ್ಟಿ, ಅಲ್ಲೀತನ ನಡೀತೈತೋ ಇಲ್ಲೋ. ಇಲ್ಲಿ ಇಟ್ಕೊಂಡ್ರ ಉಳಿಯಂಗಿಲ್ಲ, ಅಲ್ಲಿಗೆ ಹೊಂಟ್ರ ದಾರ್‍ಯಾಗ ಏನ ಆಕೈತೋ." ಹಾಗಾದರೆ ಅವರಿಗೆ ಯಾವ ಹುಲ್ಲು ಬೇಕು ಎಂದೆ. "ಸಜ್ಜಿ. ಕುದರಿಗೆ ನಂಜಿಲ್ಲ, ಮೇದ್ರ ಮತ್ತ ಚಿಗೀತೈತಿ. ಆದ್ರ ಅವ್ವ ನಿಮ್ಮನ್ನ ಕೇಳಂಗಿಲ್ರಿ. ಅಳಿಯನ ಕೈಯಾಗ ಊರ ಹುಲ್ಲು ಹಿಡಿಸಿದ್ಲು ಅನಿಸಿಕೊಳ್ಳಾಕ ಆಕಿಗೆ ಮನಸಿಲ್ಲ."

ನಾನು ಅಲ್ಲೇ ತೀರ್ಮಾನ ಮಾಡಿದೆ. ಸಜ್ಜೆ. ದುಂಡವ್ವನ ಕಡಬಿಗೂ ಫಕೀರಪ್ಪನ ಹಾಲಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಸಜ್ಜೆಯ ದಂಟು ಕೊಂಚ ದಪ್ಪವೆಂದು ದುಂಡವ್ವ ಬೈಯಬಹುದು, ಬೈಯಲಿ. ಬೈಗುಳಕ್ಕೆ ಯಾರೂ ಸತ್ತದ್ದಿಲ್ಲ.

ಮಳೆ ಒಂದು ಮಧ್ಯಾಹ್ನ ಬಂತು, ಆಲಿಕಲ್ಲಿನ ಸಮೇತ. ಮರುದಿನ ಬೆಳಿಗ್ಗೆ ಬಿತ್ತನೆ. ಮನೆಯ ಮುಂದೆ ಊರು ನೆರೆದಿತ್ತು, ಹಲಗೆಯವರು ಸದೆ ಒಟ್ಟಿ ಬೆಂಕಿ ಹಚ್ಚಿ ಹಲಗೆ ಕಾಯಿಸುತ್ತಿದ್ದರು. ಬೀಜವನ್ನು ನಾನು ಹೊತ್ತು ನಡೆಯಬೇಕು, ಮುಂದೆ ಕುದುರೆ ಹೋಗಬೇಕು, ಅದು ಪದ್ಧತಿ. ಅತ್ತೆ ಬಿಜಲಿಯ ಮೂತಿಗೆ ಕಟ್ಟಿದ್ದ ತೋಬರಿ ಚೀಲವನ್ನು ಕೊಟ್ಟಿಗೆಯ ಒಳಗೇ ಬಿಚ್ಚಿ, ಅದರ ಬಾಯನ್ನು ಸೆರಗಿನಲ್ಲಿ ಒರೆಸಿ, ಹಣೆಗೆ ಕುಂಕುಮ ಇಟ್ಟು ಅಂಗಳಕ್ಕೆ ಕರೆತಂದರು. ಅಷ್ಟರಲ್ಲಿ ಹೊರಗಿನ ಹೊಗೆ ಗೋಡೆ ಹಾರಿ ಒಳಗೆ ಬಂತು. ಬಿಜಲಿ ಮೂಗು ಅರಳಿಸಿತು, ತಲೆ ಎತ್ತಿತು, ಮನೆಯೇ ಅದುರುವಂತೆ ಸೀನಿತು. ಅದರ ದವಡೆಯಲ್ಲಿ ಅಡಗಿ ಕೂತಿದ್ದ ಕಾಳೆಲ್ಲ ಒದ್ದೆ ನೆಲದ ಮೇಲೆ ಚೆಲ್ಲಿದವು.

ನನಗೆ ನಗು ಬಂತು. "ಹುರಿದದ್ದಲ್ಲವೇ, ಬಿಡಿ ಅತ್ತೆಯವರೇ," ಎಂದೆ. ಅತ್ತೆಯ ಮುಖ ನೋಡಿ ನಗು ನಿಂತಿತು. ಅವರು ಕೆಸರಿನಲ್ಲಿ ಮೊಣಕಾಲೂರಿ ಕಾಳು ಹೆಕ್ಕತೊಡಗಿದ್ದರು. ದಾಕ್ಷಾಯಣಿ ಓಡಿಬಂದು, "ಯವ್ವಾ, ಹುರದಿದ್ದಿಲ್ಲೇನ?" ಎಂದಳು. "ಹುರದದ್ದು ಉಷ್ಣ ಅಲ್ಲೇನವಾ," ಎಂದರು ಅತ್ತೆ, ಸಣ್ಣ ದನಿಯಲ್ಲಿ. "ಗಬ್ಬದ ಕುದರಿ. ಹೊಟ್ಟಿಯಾಗಿಂದಕ್ಕ ಕಾವು ತಾಗೀತು ಅಂತ ಹಸೀ ಕಾಳ ಹಾಕತಿದ್ನಿ." ಯಾವ ಕಾಳು ಎಂದರೆ ಅದೂ ಹೇಳುವಂತಿರಲಿಲ್ಲ. ಕಣಜದ ತಳ ಬಳಿದು ತಂದ ಬೆರಕೆ. ಅದರಲ್ಲಿ ಕಡಲೆ, ಸಜ್ಜೆ, ಜೋಳ, ಇನ್ನೇನೇನೋ. ಹೆಕ್ಕಿದ್ದರಲ್ಲಿ ಎಲ್ಲವೂ ಇದ್ದವು. ಯಾವುದು ಮೊದಲು ತಾಗಿತೋ ನೆಲಕ್ಕೇ ಗೊತ್ತು.

ಹೊರಗೆ ಹಲಗೆ ಬಡಿಯತೊಡಗಿತು. ಮೂವರೇ ನೋಡಿದ್ದು, ಸುಮ್ಮನಿದ್ದುಬಿಡಬಹುದಿತ್ತು. ನಾನು ಹಾಗೆಂದು ಬಾಯಿ ತೆರೆಯುವ ಮೊದಲೇ ಅತ್ತೆ ಕೆಸರು ಕೈಯಲ್ಲೇ ಬಾಗಿಲು ದಾಟಿ, "ಹಲಗಿ ನಿಂದರಸ್ರಿ. ನಮ್ಮನಿ ಕುದರಿ ಹುಲ್ಲು ಆರಿಸಿ ಮುಗಿಸೈತಿ. ತಪ್ಪು ಅದರದಲ್ಲ, ನಂದು," ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಯಾರೋ ಒಬ್ಬರು, ಬಿದ್ದದ್ದಲ್ಲವಲ್ಲ, ಸೀನಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ತಕರಾರು ತೆಗೆದರು. ಫಕೀರಪ್ಪ ರೇಗಿದ: "ಹಾಕಿದಾಕಿ ನಿಂಬಕ್ಕ, ಕೈ ಮುಟ್ಟಿದ ಕಾಳ ಹೌದಲ್ಲೋ? ಬಿದ್ದದ್ದಲ್ಲ, ಸೀನಿದ್ದಂತ. ಅಳಿಯ ಅಲ್ಲ ಮಗಳ ಗಂಡ ಅಂದಂಗಾತು!" ದುಂಡವ್ವ ಮಾತ್ರ ಅತ್ತೆಯ ಕೈ ಹಿಡಿದು ಬಾನಿಯ ಹತ್ತಿರ ಕರೆದೊಯ್ದು ಕೆಸರು ತೊಳೆಸಿ, "ಆಗಿದ್ದ ಆತು ಬಿಡ. ಬೀಜಂತೂ ಹಾಕಬೇಕು," ಎಂದಳು. ಯಾವ ಬೀಜ ಹಾಕಿದರೂ ಏಳುವುದು ಬೇರೆಯೇ ಆದ್ದರಿಂದ, ಆ ಸಲ ಊರಿನವರು ಮನೆಯಲ್ಲಿದ್ದ ಹುಳುಕು ಕಾಳು, ಮುಗ್ಗಿದ ಕಾಳುಗಳನ್ನೆಲ್ಲ ತಂದು ಹೊಲಕ್ಕೆ ಚೆಲ್ಲಿದರು. ನಾನೂ ನನ್ನ ಸಜ್ಜೆಯನ್ನು ಬಿತ್ತಿದೆ. ಇಷ್ಟು ದಂಡವಾದ ಬಿತ್ತನೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಮೊಳಕೆ ಬಂತು. ನಮ್ಮ ಅಂಗಳದಲ್ಲೇ ಮೊದಲು ಬಂತು. ಮುಂಜಾನೆ ಎದ್ದರೆ ಅಂಗಳದ ತುಂಬ ಬಗ್ಗಿದ ಬೆನ್ನುಗಳು. ಹುಟ್ಟಿದ ಮಕ್ಕಳಂತೆ ಎಲ್ಲ ಹುಲ್ಲೂ ಮೊದಲಿಗೆ ಒಂದೇ ಥರ ಕಾಣುತ್ತವೆ. ಆದರೆ ಇದರ ಬುಡದಲ್ಲಿ ಕೆಂಪು ಛಾಯೆಯಿತ್ತು. ಜೋಳ, ಎಂದ ಫಕೀರಪ್ಪ. ಬೇಡಿದವನೇ ಅವನು, ಆದರೂ ಆ ಮಾತು ಹೇಳುವಾಗ ಅವನ ದನಿಯಲ್ಲಿ ಖುಷಿ ಇರಲಿಲ್ಲ. ಯಾಕೆಂದರೆ ಆಮೇಲೆ ಮಳೆ ಹೊಳ್ಳಿ ನೋಡಲಿಲ್ಲ. ನೀರಿಲ್ಲದೆ ಮುರುಟಿದ ಎಳೆ ಜೋಳದಷ್ಟು ನಂಜು ಮತ್ತೊಂದಿಲ್ಲ, ಎಮ್ಮೆ ಎರಡು ಬಾಯಿ ತಿಂದರೆ ನಿಂತಲ್ಲೇ ಬೀಳುತ್ತದೆ. ಊರಿನವರು ದನಕರುಗಳನ್ನು ಕಟ್ಟಿಹಾಕಿ, ಹಳೆಯ ಹೊಟ್ಟು ಕಣಿಕೆಯಲ್ಲಿ ದಿನ ದೂಡತೊಡಗಿದರು. ಹೊಲದ ಕಡೆ ಯಾರೂ ಕಾಲಿಡಲಿಲ್ಲ. ಕೊಡೆಯಂತೆ ಹರಡಿದ ಭಯ ಊರ ಮೇಲೆ ನಿಂತಿತ್ತು. ಅಂಗಳದಲ್ಲಿ, ಬೀದಿಯಲ್ಲಿ ಎದ್ದದ್ದನ್ನು ಅತ್ತೆಯೂ ಊರಿನವರೂ ದಿನವೂ ಕೈಯಿಂದಲೇ ಕಿತ್ತು ಒಲೆಗೆ ಹಾಕುತ್ತಿದ್ದರು. ದೂರದಿಂದ ನೋಡಿದರೆ ಹೊಲಗಳಲ್ಲಿ ಹುಲ್ಲು ಮೇಲೇಳದೆ ನೆಲಕ್ಕೆ ಒರಗಿತ್ತು. "ಜ್ವಾಳಕ್ಕ ಜಡ್ಡು ಹತ್ತೈತಿ," ಎಂದಳು ದುಂಡವ್ವ ಕೂಡ.

ಆ ದಿನಗಳಲ್ಲಿ ಹುಸೇನಸಾಬ ಒಂದು ಹೊಸ ಕಾಟ ಶುರು ಮಾಡಿದ. ದಿನವೂ ನಮ್ಮ ಮನೆಯ ಮುಂದೆ ಬಂದು ನಿಲ್ಲುವನು. ಕೆನ್ನೆ ಉಬ್ಬಿಸುವನು, ಕೈಯನ್ನು ನೆಲದ ಮೇಲೆ ಹಾವಿನಂತೆ ಹರಿಸುವನು, ಎರಡೂ ತೋಳು ಬಡಿದು ಹಕ್ಕಿಯಾಗುವನು, ಆಮೇಲೆ ಹಣೆ ಬಡಿದುಕೊಂಡು ಹೋಗುವನು. ಕೆರೆಯಂಗಳದಲ್ಲಿ ಹಾವು ಹೆಚ್ಚಾಗಿದೆ ಎನ್ನುತ್ತಿದ್ದಾನೆ ಎಂದು ನಾನು ಊಹಿಸಿದೆ. ದಾಕ್ಷಾಯಣಿ ಹಲ್ಲುನೋವಿರಬೇಕೆಂದು ಲವಂಗ ಕೊಟ್ಟು ಕಳಿಸಿದಳು. ಬೇರೆ ಮಾತನ್ನೆಲ್ಲ ಮೊದಲಿನಂತೆ ಆಡುತ್ತಿದ್ದವನು ನಮ್ಮನ್ನು ಕಂಡಕೂಡಲೇ ಮೂಕನಾಗುತ್ತಿದ್ದ. ಆಣೆಯೆಂಬುದು ಅವನ ಬಾಯಲ್ಲಿ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಮಗೆ ಅದು ಹೊಳೆಯಲಿಲ್ಲ. ಚಿಂತೆಯಲ್ಲಿದ್ದವರಿಗೆ ಹೊಳೆಯುವುದು ಚಿಂತೆಯೊಂದೇ.

ಕಡೆಗೆ ನಮ್ಮ ಮನೆಯ ಕಣಿಕೆ ಮುಗಿಯಿತು. ಬಿಜಲಿಯ ಪಕ್ಕೆಲುಬು ಕಾಣುತ್ತಿತ್ತು, ಹೊಟ್ಟೆ ಮಾತ್ರ ಕೆಳಗಿಳಿದು ಜೋತಿತ್ತು. ಒಂದು ಬೆಳಿಗ್ಗೆ ಅತ್ತೆ ಘಟ್ಟದಾಚೆಯ ಊರಿಗೆ ಹೊರಡಲು ಅದರ ಕೊರಳಿಗೆ ಹಗ್ಗ ಹಾಕಿದರು. ರೊಟ್ಟಿ ಗಂಟು ಕಟ್ಟಿಕೊಂಡಿದ್ದರು, ತಮ್ಮ ಎರಡು ಸೀರೆಯ ಗಂಟೂ ಇತ್ತು. "ಮರಿ ಹಾಕಿ ಅದರ ಕಾಲ ಗಟ್ಟಿ ಆಗೂತನ ನಾನೂ ಅಲ್ಲೇ ಇರಾಕಿ. ಬರೂದು ದೀಪಾವಳಿನೋ, ಏನೋ. ಪೆಟ್ಟಿಗಿಯವ್ರ, ನೀವು ಸೀಮಿತನ ಹಗ್ಗ ಹಿಡೀರಿ, ನನ್ನ ಕೈಯಾಗ ಗಂಟು ಅದಾವು," ಎಂದರು. ದಾಕ್ಷಾಯಣಿ ಅತ್ತಳು. ನನಗೂ ಅಳು ಬಂತು, ಯಾಕೆ ಸುಳ್ಳು ಹೇಳಲಿ. ಆ ಹೆಂಗಸು ನನ್ನನ್ನು ಒಂದು ದಿನವೂ ಮಗನೇ ಎಂದು ಕರೆದವರಲ್ಲ, ಆದರೂ ಅವರಿಲ್ಲದ ಆ ಅಂಗಳವನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಹೊರಟಿದ್ದು ಕಂಡು ಬೀದಿಯ ಮಂದಿಯೂ ಹಿಂದೆ ಬಂದರು. ದುಂಡವ್ವ ಬಂದಳು, ಫಕೀರಪ್ಪ ಬಂದ. ಊರು ದಾಟಿದರೆ ಘಟ್ಟದ ದಾರಿ ಹೊಲಗಳ ನಡುವೆಯೇ ಹೋಗುತ್ತದೆ, ಎರಡೂ ಬದಿಗೆ ಆ ಹುಲ್ಲು. ನಾನು ಹಗ್ಗವನ್ನು ಮುಂಗೈಗೆ ಸುತ್ತಿ ಬಿಗಿ ಹಿಡಿದಿದ್ದೆ. ಆದರೆ ಹಾರ್ಮೋನಿಯಂ ಒತ್ತುವ ಕೈಗೂ ಹಸಿದ ಕುದುರೆಯ ಕುತ್ತಿಗೆಗೂ ಎಲ್ಲಿಯ ಜೋಡಿ? ಕೆರೆ ಏರಿಯ ತಿರುವಿನಲ್ಲಿ ಬಿಜಲಿ ಒಮ್ಮೆಗೇ ಪಕ್ಕಕ್ಕೆ ವಾಲಿ, ನನ್ನನ್ನು ಎಳೆದುಕೊಂಡೇ ಹೊಲಕ್ಕೆ ನುಗ್ಗಿ, ಬಾಯಿ ತುಂಬ ಹುಲ್ಲು ಕಿತ್ತಿತು. ಅತ್ತೆ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಓಡಿ ಬಂದವರೇ ಅದರ ದವಡೆಯ ಸಂದಿಗೆ ಬೆರಳು ತೂರಿಸಿ ಹುಲ್ಲನ್ನು ಹೊರಗೆ ಎಳೆದರು. ಎಳೆದರೆ ಅದು ಬರುತ್ತಲೇ ಇತ್ತು. ದಾರದಂಥ ದಂಟು, ನೆಲದ ಮೇಲೆ ಹಬ್ಬಿಕೊಂಡು ಹೋಗಿದ್ದದ್ದು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟದ್ದು, ಮೊಳದ ಮೇಲೆ ಮೊಳ ಕಿತ್ತುಕೊಂಡು ಬಂತು. ತುದಿಯಲ್ಲಿ ಆಗತಾನೇ ಇಣುಕಿದ ಸಣ್ಣ ತೆನೆ.

"ಅಬಾಬಾಬಾ!" ಎಂದು ಏರಿಯ ಮೇಲಿನಿಂದ ಯಾರೋ ಅರಚಿದರು. ಹುಸೇನಸಾಬ. ರುಮಾಲು ಹಾರಿ ಬಿದ್ದರೂ ನೋಡದೆ ಇಳಿದು ಬರುತ್ತಿದ್ದ. "ಬಾಯಿ ಬಿತ್ತು! ಹುಲ್ಲಿಗೆ ಬಾಯಿ ಬಿತ್ತು! ಇನ್ನ ಮಾತಾಡಬೋದು! ಅದು ಜ್ವಾಳ ಅಲ್ಲೋ ಹುಚ್ಚಪ್ಪಗೋಳ್ರ್ಯಾ, ಕೊರಲಿ! ಬುರ್ಲಿ ತಿನ್ನೂ ಕೊರಲಿ! ಜ್ವಾಳ ಎಂದಾರ ಅಂಬೆಗಾಲ ಇಟ್ಟದ್ದ ನೋಡೀರೇನು? ಕೈ ಮಾಡಿ ತೋರಿಸಿದ್ನಿ, ಹರದ ತೋರಿಸಿದ್ನಿ, ಹಕ್ಕಿ ಆಗಿ ತೋರಿಸಿದ್ನಿ. ಲವಂಗ ಕೊಟ್ರು ನಂಗ, ಲವಂಗ!" ಅವನು ದುಂಡವ್ವನಿಗೂ ಹೇಳಿದ, ಫಕೀರಪ್ಪನಿಗೂ ಹೇಳಿದ, ಕುದುರೆಗೂ ಹೇಳಿದ. ಕೊರಲೆ ಹೊಲದಲ್ಲಿ ಎದ್ದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ, ಯಾಕೆಂದರೆ ಹಕ್ಕಿಯ ಕಾಳನ್ನು ಊರಿಗೆಲ್ಲ ಬಿತ್ತಬೇಕೆಂದು ಯಾವ ಹೊಸಬನಿಗೂ ಹೊಳೆದಿರಲಿಲ್ಲ; ಕಣಜದ ತಳದ ಬೆರಕೆಯಲ್ಲಿ ಅದರದೂ ಒಂದು ಕಾಳು ಸೇರಿರಬೇಕು. ದುಂಡವ್ವ ಆ ದಂಟನ್ನು ಬೆರಳಿಗೆ ಸುತ್ತಿ ಬಿಚ್ಚಿ ನೋಡಿ, "ಎಷ್ಟ ಸಣ್ಣದೈತಿ ನೋಡ. ಇದು ಒಂದ ಬಿಸಲಿಗೆ ಒಣಗತೈತಿ," ಎಂದಳು. ಫಕೀರಪ್ಪ ಹುಲ್ಲಿನ ಮೆತ್ತನೆಯನ್ನು ಕಾಲಿನಿಂದ ಅಮುಕಿ ನೋಡಿ, "ಆಳೆತ್ತರ ಅಂತೂ ಆಗೂದಿಲ್ಲ," ಎಂದ. ಹೇಳುವಾಗ ನಗುತ್ತಿದ್ದ.

ಅತ್ತೆ ನಗಲಿಲ್ಲ. "ಕೊರಲಿನ ಕುದರಿ ತಿಂದದ್ದ ಯಾರ ನೋಡೀರಿ?" ಎಂದರು. ಯಾರೂ ನೋಡಿರಲಿಲ್ಲ. ಹುಸೇನಸಾಬನಿಗೆ ಹಕ್ಕಿಯ ಹೊಟ್ಟೆ ಗೊತ್ತು, ಕುದುರೆಯದು ಗೊತ್ತಿಲ್ಲ. ಎಳೆದದ್ದಕ್ಕಿಂತ ನುಂಗಿದ್ದೇ ಹೆಚ್ಚಾಗಿತ್ತು. ಅತ್ತೆ ದಾರಿಯಲ್ಲೇ ಬಿಜಲಿಯ ಮುಂದೆ ಕುಳಿತುಬಿಟ್ಟರು. ನಾವೂ ಕುಳಿತೆವು. ದಾಕ್ಷಾಯಣಿ ನನ್ನ ಕೈಗೆ ಕೈ ಕೊಟ್ಟು ಕೂತಳು, ಅಷ್ಟು ಜನರ ಎದುರಿಗೆ, ಮೊದಲ ಸಲ. ಬಿಸಿಲು ಏರಿತು. ಬಿಜಲಿ ಬಾಲ ಬೀಸಿತು, ಕಿವಿ ಅಲ್ಲಾಡಿಸಿತು, ಒಂದು ಕಾಲು ಎತ್ತಿ ಇಟ್ಟಿತು. ಪ್ರತಿಯೊಂದಕ್ಕೂ ನಾವು ಅರ್ಧ ಎದ್ದು ಮತ್ತೆ ಕೂತೆವು. ಅತ್ತೆ ಅದರ ಹಿಂಗಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಏನು ಹೇಳುತ್ತಿದ್ದಾರೆಂದು ನನಗೆ ಕೇಳಿಸಬೇಕಾಗಿರಲಿಲ್ಲ.

ನೆರಳು ಕಾಲಬುಡಕ್ಕೆ ಬಂದಾಗ ಬಿಜಲಿ ಹಿಂಗಾಲು ಎರಡನ್ನೂ ಅಗಲಿಸಿ, ಬಾಲವನ್ನು ಓರೆ ಮಾಡಿ, ಬೆನ್ನು ಕೊಂಚ ತಗ್ಗಿಸಿತು. ಫಕೀರಪ್ಪ ಎದ್ದು ನಿಂತ. ಆಮೇಲೆ ಅದು ಉಚ್ಚೆ ಹೊಯ್ದಿತು. ಧಾರಾಳವಾಗಿ, ದಾರಿಯ ಧೂಳೆಲ್ಲ ಹಳ್ಳವಾಗಿ ಹರಿಯುವಂತೆ, ಸುತ್ತ ಕೂತವರ ಸೀರೆ ಧೋತರಗಳಿಗೆಲ್ಲ ಸಿಡಿಯುವಂತೆ ಹೊಯ್ದಿತು. ಸಿಡಿದವರು ಯಾರೂ ಸರಿಯಲಿಲ್ಲ. ಇಡೀ ಮಂದಿ ಹೋ ಎಂದು ಚಪ್ಪಾಳೆ ತಟ್ಟಿತು. ಒಂದು ಕುದುರೆಯ ಉಚ್ಚೆಗೆ ದೊಡ್ಡವರೆಲ್ಲ ಸೇರಿ ಅಷ್ಟು ಸಂಭ್ರಮ ಪಟ್ಟದ್ದನ್ನು ಬೇರೆ ಊರಿನಲ್ಲಿ ಹೇಳಿದರೆ ನನ್ನನ್ನು ಹುಚ್ಚನೆಂದಾರು. ಅತ್ತೆ ಎದ್ದು ಅದರ ಕೊರಳಿಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತರು, "ಬದಕಿದ್ನೆವಾ, ಬದಕಿದ್ನಿ," ಎನ್ನುತ್ತ ಅತ್ತರು. ನನ್ನ ಉಸಿರು ಹೊಟ್ಟೆಯ ತಳದ ತನಕ ಹೋಗಿ ಬಂತು.

ಆಮೇಲೆ ಅತ್ತೆ ಮೂಗೊರೆಸಿಕೊಂಡು, ಬಿಜಲಿಯ ಕೊರಳಿನ ಹಗ್ಗ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿ, ಅದರ ಮುಖವನ್ನು ಊರ ಕಡೆ ತಿರುಗಿಸಿದರು. ಮನೆಗೆ ದೂರವೇನೂ ಇರಲಿಲ್ಲ. ಆದರೆ ಬಿಜಲಿ ಎರಡು ಹೆಜ್ಜೆಗೊಮ್ಮೆ ನಿಂತು, ದಾರಿಯ ಆಚೆ ಒಂದು ಬಾಯಿ, ಈಚೆ ಒಂದು ಬಾಯಿ ಮೇಯುತ್ತ ಬಂತು. ಅದು ನಿಂತಲ್ಲೆಲ್ಲ ಅತ್ತೆಯೂ ನಿಂತರು, ಅವರು ನಿಂತಲ್ಲೆಲ್ಲ ನಾವೂ ನಿಂತೆವು. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಯಾರೂ ಅದನ್ನು ಬೇಗ ನಡೆ ಎನ್ನಲಿಲ್ಲ.